ಮೆಕ್ಕೆಜೋಳದ ಆ್ಯಪ್‌ಗೆ ಗೂಗಲ್ ಲಾಗಿನ್ ಒಂದೇ ಸಾಕಾ?

ವಿದ್ಯಾನಗರದ ಹುಡುಗ: ದಾವಣಗೆರೆ ಸುತ್ತಲಿನ ಮೆಕ್ಕೆಜೋಳ ರೈತರಿಗೆ ದಿನದ ರೇಟು ತೋರಿಸುವ, ಮಾರಿದ್ದರ ಲೆಕ್ಕ ಬರೆದಿಡುವ ಆ್ಯಪ್ ಮಾಡುತ್ತಿದ್ದೇನೆ. ಪಾಸ್‌ವರ್ಡ್ ರಗಳೆ ಬೇಡ, ಗೂಗಲ್ ಲಾಗಿನ್ ಒಂದೇ ಇಡೋಣ ಅಂತಿದ್ದೇನೆ. ಏನಂತೀರಿ?

ಪಿ.ಜೆ. ಬಡಾವಣೆ ಅಕ್ಕ: ಒಂದೇ ಇಡಬೇಡಪ್ಪ. ನಮ್ಮ ಮಾವ ಫೋನ್ ತಗೊಂಡಾಗ ಅಂಗಡಿ ಹುಡುಗನೇ ಜಿಮೇಲ್ ಮಾಡಿಕೊಟ್ಟಿದ್ದ. ಆ ಐಡಿ ಏನು, ಪಾಸ್‌ವರ್ಡ್ ಏನು, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಫೋನ್ ಕೆಟ್ಟಿತು. ಇನ್ನೊಂದು ಅಂಗಡಿಯವನು ಇನ್ನೊಂದು ಜಿಮೇಲ್ ಮಾಡಿದ. ಹಳೆಯದರಲ್ಲಿದ್ದ ಎರಡು ವರ್ಷದ ಲೆಕ್ಕ ಹೋಯಿತು. ಅವರಿಗೆ ಬಾಯಿಪಾಠ ಇರುವುದು ಮೊಬೈಲ್ ನಂಬರ್ ಮಾತ್ರ.

ಹರಿಹರದವನು: ಮೊಬೈಲ್ ನಂಬರ್‌ನಿಂದ ಲಾಗಿನ್ ಅಂದರೆ ಓಟಿಪಿ ಕಳಿಸಬೇಕು, ಅದು ಪುಕ್ಕಟೆ ಬರುವುದಿಲ್ಲ ಅಕ್ಕ. ಒಂದೊಂದು ಎಸ್ಸೆಮ್ಮೆಸ್‌ಗೂ ದುಡ್ಡು. ಅದಕ್ಕೂ ಮೊದಲು ಡಿಎಲ್‌ಟಿಯಲ್ಲಿ, ಅಂದರೆ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ, ಹೆಡರ್ (ಕಳಿಸುವವರ ಹೆಸರು), ಟೆಂಪ್ಲೇಟ್ (ಸಂದೇಶದ ಮಾದರಿ) ಎಲ್ಲ ನೋಂದಾಯಿಸಬೇಕು. ಗೂಗಲ್ ಲಾಗಿನ್‌ನಲ್ಲಿ ಪಾಸ್‌ವರ್ಡ್ ನಮ್ಮ ಸರ್ವರ್‌ಗೆ ಬರುವುದೇ ಇಲ್ಲ, ಅದೇ ದೊಡ್ಡ ನೆಮ್ಮದಿ. ಆದರೆ ಗೂಗಲ್‌ನ ಲಾಗಿನ್ ಪುಟವನ್ನು ವೆಬ್‌ವ್ಯೂನಲ್ಲಿ, ಅಂದರೆ ಆ್ಯಪ್ ಒಳಗೇ ವೆಬ್ ಪುಟ ತೋರಿಸುವ ಕಿಟಕಿಯಲ್ಲಿ, ತೆರೆಯಬೇಡಿ. ಅಲ್ಲಿ ಟೈಪ್ ಮಾಡಿದ್ದನ್ನು ಆ್ಯಪ್ ಓದಬಹುದು. 2017ರಲ್ಲೇ ಗೂಗಲ್ ಅದನ್ನು ತಡೆಯಲು ಶುರು ಮಾಡಿತು. ಅದೇ ವರ್ಷ ಬಂದ ಇಂಟರ್ನೆಟ್ ಮಾರ್ಗಸೂಚಿ ಆರ್‌ಎಫ್‌ಸಿ 8252 ಕೂಡ ಫೋನಿನ ಬ್ರೌಸರ್‌ನಲ್ಲೇ ತೆರೆಯಿರಿ ಅನ್ನುತ್ತದೆ.

ವಿದ್ಯಾನಗರದ ಹುಡುಗ: ಬ್ರೌಸರ್ ಸರಿ ಅಣ್ಣ. ಆದರೆ ನನ್ನ ಫೋನಲ್ಲಿ ಆಗುವ ಲಾಗಿನ್ ಪ್ಲೇ ಸ್ಟೋರ್‌ಗೆ ಹಾಕಿದ ಮೇಲೆ ಆಗುತ್ತಿಲ್ಲ. ಎರರ್ 10 ಅಂತ ಬರುತ್ತದೆ.

ಹರಿಹರದವನು: ಪ್ಲೇ ಸ್ಟೋರ್ ನಿಮ್ಮ ಆ್ಯಪ್‌ಗೆ ಬೇರೆ ಕೀಯಿಂದ ಸಹಿ ಹಾಕುತ್ತದೆ. ಆ ಕೀಯ ಬೆರಳಚ್ಚಿನಂಥ ಗುರುತಾದ ಎಸ್‌ಎಚ್‌ಎ-1 ಅನ್ನೂ ಗೂಗಲ್ ಕನ್ಸೋಲ್‌ಗೆ ಸೇರಿಸಿ. ಇದೊಂದಕ್ಕೇ ನಾನು ಎರಡು ರಾತ್ರಿ ಕೂತಿದ್ದೆ.

ದುರ್ಗದಿಂದ: ಇನ್ನೊಂದು. ಇಮೇಲ್ ನೋಡಿ ಇವರು ಇಂಥವರು ಅಂತ ಗುರುತಿಸಬೇಡಿ, ಇಮೇಲ್ ಬದಲಾಗಬಹುದು. ಲಾಗಿನ್ ಆದ ಮೇಲೆ ಗೂಗಲ್ ಕಳಿಸುವ ಗುರುತಿನ ಚೀಟಿಯಂಥ ಟೋಕನ್‌ನಲ್ಲಿ 'ಸಬ್' ಅಂತ ಒಂದು ನಂಬರ್ ಬರುತ್ತದೆ, ಅದು ಬದಲಾಗುವುದಿಲ್ಲ. ಟೋಕನ್ ಅಸಲಿಯೋ ಅಂತ ಸರ್ವರ್‌ನಲ್ಲೇ ನೋಡಿ. ನಿಮ್ಮದೇ ಒಂದು ಐಡಿ ಮಾಡಿ ಅದಕ್ಕೆ ಗೂಗಲ್, ಮೊಬೈಲ್ ನಂಬರ್ ಎರಡನ್ನೂ ಜೋಡಿಸಿ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಅಲ್ಲದೆ ಬರೀ ರೇಟು ನೋಡೋಕೆ ಲಾಗಿನ್ ಯಾಕೆ ಬೇಕು? ಲೆಕ್ಕ ಬರೆದಿಡುವಾಗ ಕೇಳಿದರೆ ಸಾಕಲ್ವಾ?

ವಿದ್ಯಾನಗರದ ಹುಡುಗ: ಇದು ನನಗೆ ಹೊಳೆದೇ ಇರಲಿಲ್ಲ. ರೇಟು ಎಲ್ಲರಿಗೂ ತೆರೆದಿಡುತ್ತೇನೆ. ಓಟಿಪಿ ಕಳಿಸುವುದು ಮೊಬೈಲ್ ನಂಬರ್ ಜೋಡಿಸುವಾಗ ಒಮ್ಮೆ, ಫೋನ್ ಬದಲಾದಾಗ ಒಮ್ಮೆ, ಅಷ್ಟೇ. ಖರ್ಚೂ ಜಾಸ್ತಿ ಆಗುವುದಿಲ್ಲ. ಅಕ್ಕ, ಮೊದಲು ನಿಮ್ಮ ಮಾವನ ಫೋನಲ್ಲೇ ಹಾಕಿ ನೋಡಬಹುದಾ?

ಪಿ.ಜೆ. ಬಡಾವಣೆ ಅಕ್ಕ: ಧಾರಾಳವಾಗಿ. ನಾಡಿದ್ದು ಎಪಿಎಂಸಿಗೆ ಜೋಳ ತರುತ್ತಾರೆ, ಅಲ್ಲಿಗೇ ಬಾ. ಅಕ್ಷರ ಮಾತ್ರ ದೊಡ್ಡದಿರಲಿ.