ಎರಡು ವರ್ಷದಲ್ಲಿ ಊರಿಗೆ ವಾಪಸ್: ಮಕ್ಕಳ ಕನ್ನಡಕ್ಕೆ ಏನು ಮಾಡುವುದು?

ಪೆರ್ಲ–ಶಾರ್ಜಾ
ಎಲ್ಲರಿಗೂ ನಮಸ್ಕಾರ. ಇನ್ನೆರಡು ವರ್ಷದಲ್ಲಿ ಗಲ್ಫ್ ಬಿಟ್ಟು ಕೇರಳದ ಕಾಸರಗೋಡಿನ ನಮ್ಮ ಊರಿಗೆ ಬರುವ ಯೋಚನೆ ಉಂಟು. ಮಗಳು ನಾಲ್ಕನೇ ಕ್ಲಾಸ್, ಮಗ ಒಂದನೇ ಕ್ಲಾಸ್. ಮನೆಯಲ್ಲಿ ತುಳು. ಕನ್ನಡ ಕೇಳಿದ್ರೆ ಅರ್ಥ ಆಗ್ತದೆ, ಓದ್ಲಿಕ್ಕೆ ಒಂದಕ್ಷರ ಬರುವುದಿಲ್ಲ. ಇಲ್ಲಿನ ಶಾಲೆಯಲ್ಲಿ ಹಿಂದಿ ಅಥವಾ ಮಲಯಾಳ ಮಾತ್ರ. ಊರಲ್ಲಿ ಯಾವ ಮಾಧ್ಯಮಕ್ಕೆ ಹಾಕುವುದು? ಮನೆಯಲ್ಲೇ ಕನ್ನಡ ಹೇಳಿಕೊಡುವುದಾದ್ರೆ ಎಲ್ಲಿಂದ ಶುರು ಮಾಡುವುದು? ತಡ ಆಯ್ತೋ ಏನೋ ಅಂತ ಹೆದರಿಕೆ.

ಬದಿಯಡ್ಕ–ದೋಹಾ
ಅಕ್ಕ, ತಡ ಏನೂ ಆಗ್ಲಿಲ್ಲ. ಆದರೆ ಅ ಆ ಇ ಈ ಅಂತ ಶುರು ಮಾಡ್ಬೇಡಿ. ಋ, ಐ, ಔ ಎಲ್ಲ ತಿದ್ದಿ ಮುಗಿಸುವಾಗ ತಿಂಗಳು ಕಳೀತದೆ, ಮಗುವಿಗೆ ಒಂದು ಶಬ್ದ ಓದಿದ ಖುಷಿಯೂ ಸಿಕ್ಕಿರುವುದಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳ ನಲಿಕಲಿ ಕ್ರಮದಲ್ಲಿ ಮೊದಲು ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ದಸರ, ಗರಗಸ ಎಲ್ಲ ಓದಬಹುದು. ಆಮೇಲೆ ಜ, ವ, ಮ, ಬ, ನ ಸೇರಿಸಿ: ಮರ, ಜನ, ದನ, ಬಸವ. ಇಷ್ಟು ಸರಾಗ ಆದ ಮೇಲೆ ಕಾಗುಣಿತ. ಒತ್ತಕ್ಷರ ಕೊನೆಗೆ.

ದಿನಕ್ಕೆ 15 ನಿಮಿಷ ಸಾಕು, ಆದರೆ ವಾರದಲ್ಲಿ ಐದು ದಿನ ತಪ್ಪಬಾರದು. ರಜೆಯ ದಿನ ಒಟ್ಟಿಗೆ ಎರಡು ಗಂಟೆ ಕೂರಿಸಿದ್ರೆ ಮುಂದಿನ ರಜೆಗೆ ಅರ್ಧ ಮರೆತಿರ್ತದೆ.

ಮಕ್ಕಳು ಎಡವುವ ಜಾಗ ಮೊದಲೇ ಗೊತ್ತಿರಲಿ. ‘ವು’ ಬರೆಯುವಾಗ ಕೊಂಬು ಅಡಿಯಿಂದ ಹೊರಡಬೇಕು, ಬದಿಗೆ ಎಳೆದ್ರೆ ‘ಮ’ ಆಗ್ತದೆ. ‘ಹೂವು’ ಅಂತ ಹತ್ತು ಸಲ ಬರೆಸಿ, ಕೈಗೆ ಕೂರ್ತದೆ. ಇನ್ನೊಂದು ಅರ್ಕಾವೊತ್ತು. ‘ಸೂರ್ಯ’ದಲ್ಲಿ ರ್ ಉಚ್ಚಾರ ಮೊದಲು, ಬರವಣಿಗೆಯಲ್ಲಿ ಹಿಂದೆ. ಮಕ್ಕಳು ‘ಸೂಯರ’ ಅಂತ ಓದ್ತಾರೆ. ಬೈಯ್ಬೇಡಿ. ಸೂರ್ಯ, ಕಾರ್ಯ, ಧೈರ್ಯ ಮೂರನ್ನೂ ಒಟ್ಟಿಗೆ ಓದಿಸಿ.

ಕೇರಳದ ಕನ್ನಡ ಮಾಧ್ಯಮದ ಪುಸ್ತಕಗಳು ಸಮಗ್ರ ಜಾಲತಾಣದಲ್ಲಿ ಪುಕ್ಕಟೆ ಸಿಗ್ತವೆ. ಮಗಳಿಗೂ ಒಂದನೇ ಕ್ಲಾಸಿನದ್ದೇ ಇಳಿಸಿಕೊಳ್ಳಿ.

ಮಂಜೇಶ್ವರ–ಪುಣೆ
ಯಾವ ಮಾಧ್ಯಮ ಅಂತ ಕೇಳುವ ಪರಿಸ್ಥಿತಿ ಬಂತಲ್ಲ, ಅದೇ ದುಃಖ. 1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಹೋಯ್ತು. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ, ಗಡಿ ವಿವಾದಕ್ಕೆಂದು ಕೇಂದ್ರ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು. ವರದಿ ಜಾರಿಯಾಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ತುಂಬಿಸಿ 2015ರಲ್ಲಿ ತೀರಿಹೋದರು, ಅವರು ಹೋರಾಡಿದ್ದು ಹಾಗೇ ಉಳಿಯಿತು. ಈಗ ಕೈಯಲ್ಲಿ ಉಳಿದದ್ದು ಶಾಲೆ ಮಾತ್ರ. ಶಾಲೆ ತೆರೆದ ಆರನೇ ಕೆಲಸದ ದಿನ ತಲೆ ಎಣಿಸ್ತಾರೆ. ಕನ್ನಡ ಡಿವಿಷನಿನಲ್ಲಿ ಮಕ್ಕಳು ಕಡಿಮೆಯಾದ್ರೆ ಅಧ್ಯಾಪಕರ ಹುದ್ದೆಯೇ ಹೋಗ್ತದೆ. ಇಬ್ಬರನ್ನೂ ಕನ್ನಡ ಮಾಧ್ಯಮಕ್ಕೇ ಹಾಕಿ. ಬೇರೆ ಮಾತೇ ಬೇಡ.

ಕಾಸರಗೋಡು–ಮಸ್ಕತ್
ಅಣ್ಣ, ಭಾವನೆ ಸರಿ. ಆದರೆ ಪಂಚಾಯತು, ಆಸ್ಪತ್ರೆ, ಬಸ್ಸು ಎಲ್ಲ ಮಲಯಾಳದಲ್ಲೇ ನಡೀತದೆ. ಶಾಲೆಗಳಲ್ಲಿ ಮಲಯಾಳ ಕಲಿಸಬೇಕೆಂಬ 2017ರ ಕಾಯ್ದೆ ಬಂದ ಮೇಲೆ ಅಲ್ಲೂ ಮಲಯಾಳದ ಒತ್ತು ಜಾಸ್ತಿ. ಪಿಎಸ್‌ಸಿಯಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದೇ ಕ್ಲಾರ್ಕ್ ಹುದ್ದೆ ಕರೀತಾರೆ. ಶಾರ್ಜಾದಲ್ಲಿ ಮಲಯಾಳ ಪಾಠ ಸಿಗ್ತದಾದ್ರೆ ಹಿಂದಿ ಬಿಟ್ಟು ಅದನ್ನೇ ತೆಗೆದುಕೊಳ್ಳಿ ಅಕ್ಕ.

ಮಂಜೇಶ್ವರ–ಪುಣೆ
ಹೀಗೆ ಹೇಳಿಯೇ ಒಂದು ತಲೆಮಾರು ಹೋಯ್ತು. ಮಲಯಾಳ ಬೀದಿಯಲ್ಲಿ ತಾನಾಗಿ ಬರ್ತದೆ. ಕನ್ನಡ ಬರುವುದಿಲ್ಲ. ಕವಿ ಗೋವಿಂದ ಪೈಗಳ ಊರಿನ ಮಕ್ಕಳು ಅವರ ಸ್ಮಾರಕ ಗಿಳಿವಿಂಡುವಿನ ಬೋರ್ಡು ಓದ್ಲಿಕ್ಕೆ ಆಗದೆ ನಿಂತ್ರೆ ಯಾರನ್ನು ಕೇಳುವುದು?

ಕುಂಬಳೆ–ಬೆಂಗಳೂರು
ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ನಮ್ಮದು. ಮಕ್ಕಳನ್ನು ಯಕ್ಷಗಾನಕ್ಕೆ ಹಾಕಿ, ಭಾಷೆ ತಾನಾಗಿ ಹಿಂದೆ ಬರ್ತದೆ. ಅರ್ಥಗಾರಿಕೆ ಕೇಳಿ ಬೆಳೆದವರ ಕನ್ನಡಕ್ಕೆ ಮಂಗಳೂರಿನವರೂ ತಲೆದೂಗ್ತಾರೆ.

ಮಂಜೇಶ್ವರ–ಪುಣೆ
ಅದೂ ಬೇಕು. ಆದರೆ ಮೊದಲು ಕನ್ನಡ ಮಾಧ್ಯಮ.

ಪೆರ್ಲ–ಶಾರ್ಜಾ
ಎಲ್ಲರಿಗೂ ಧನ್ಯವಾದ. ನಾವು ಬರುವಾಗ ಮಗಳು ಆರನೇ ಕ್ಲಾಸು. ಅಲ್ಲಿವರೆಗೆ ಇಂಗ್ಲಿಷಿನಲ್ಲಿ ಓದಿದವಳು ಸಮಾಜ, ವಿಜ್ಞಾನ ಎಲ್ಲ ಕನ್ನಡದಲ್ಲಿ ಬರೀಬಹುದಾ?

ಬದಿಯಡ್ಕ–ದೋಹಾ
ಇಬ್ಬರಿಗೂ ಒಂದೇ ಉತ್ತರ ಇಲ್ಲ ಅಕ್ಕ. ಮಗ ಮೂರಕ್ಕೆ ಬರ್ತಾನೆ, ಈಗಿಂದ ಓದಿದ್ರೆ ಕನ್ನಡ ಮಾಧ್ಯಮದಲ್ಲಿ ಧೈರ್ಯವಾಗಿ ಕೂರಬಹುದು. ಮಗಳಿಗೆ ‘ದ್ಯುತಿಸಂಶ್ಲೇಷಣೆ’ಯಂಥ ಶಬ್ದಗಳೇ ಮೊದಲ ವರ್ಷ ಪೂರ್ತಿ ತಿನ್ನುತ್ತವೆ. ಅವಳಿಗೆ ಇಂಗ್ಲಿಷ್ ಮಾಧ್ಯಮ, ಪ್ರಥಮ ಭಾಷೆಯಾಗಿ ಕನ್ನಡ. ಕೇರಳದ ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ ಭಾಗ ಒಂದು, ಭಾಗ ಎರಡು ಅಂತ ಉಂಟು, ಎರಡಕ್ಕೂ ಕನ್ನಡ ತೆಗೆದುಕೊಳ್ಳಬಹುದು. ಸೇರಿಸುವ ಮೊದಲು ಮುಖ್ಯೋಪಾಧ್ಯಾಯರ ಹತ್ತಿರ ಎರಡು ವಿಷಯ ಕೇಳಿ: ಇಂಗ್ಲಿಷ್ ಡಿವಿಷನಿನ ಮಕ್ಕಳಿಗೂ ಕನ್ನಡ ಕಲಿಸುವ ಅಧ್ಯಾಪಕರು ಈಗ ಇದ್ದಾರಾ, ಎಂಟನೇ ಕ್ಲಾಸಿನ ಮೇಲೂ ಅದೇ ಮುಂದುವರಿಯುತ್ತದಾ. ಏಳರಲ್ಲಿ ಕನ್ನಡ ಇದ್ದು ಹೈಸ್ಕೂಲಿನಲ್ಲಿ ಇಲ್ಲದ ಕಡೆ ಮಕ್ಕಳು ನಡುನೀರಲ್ಲಿ ಉಳೀತಾರೆ.

ಮುಂದೆ ಕರ್ನಾಟಕದ ಸಿಇಟಿಗೆ ಗಡಿನಾಡು ಕನ್ನಡಿಗರೆಂದು ಅರ್ಜಿ ಹಾಕುವವರಿಗೆ ಕನ್ನಡ ಪರೀಕ್ಷೆ ಉಂಟು, ಮಾತೃಭಾಷೆ ತುಳು ಆದರೂ ಆಗ್ತದೆ. ಊರಿನ ಶಾಲೆಯಲ್ಲಿ ಓದಿದ ದಾಖಲೆಯನ್ನೂ ಕೇಳ್ತಾರೆ. ಹಾಗಾಗಿ ಪ್ರತಿ ವರ್ಷದ ಅಂಕಪಟ್ಟಿ, ಟಿಸಿಯ ನಕಲು ಒಂದು ಫೈಲಿನಲ್ಲಿ ಹಾಕಿಡಿ. ಶಾರ್ಜಾದ ಟಿಸಿಗೆ ಯಾವ ಸೀಲು, ದೃಢೀಕರಣ ಬೇಕು ಅಂತ ಊರಿನ ಶಾಲೆಯಲ್ಲಿ ಮೊದಲೇ ಕೇಳಿ, ಅಲ್ಲಿಂದ ಹೊರಡುವ ಮುಂಚೆ ಮಾಡಿಸಿಕೊಳ್ಳಿ. ಊರಿಗೆ ಬಂದ ಮೇಲೆ ಅದು ದೊಡ್ಡ ಓಡಾಟ.