ಪೈಥಾನ್: ಅರೇಬಿಕಾಗೆ ರೊಬಸ್ಟಾ ಸೇರಿಸಿದರೂ ಮೈಪೈ ಸುಮ್ಮನಿದೆ

ಪ್ರಶ್ನೆ (ಮೂಡಿಗೆರೆಯಿಂದ)

ನಮಸ್ಕಾರ. ಮನೆ ತೋಟದ ಲೆಕ್ಕಕ್ಕೆ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆಯುತ್ತಿದ್ದೇನೆ. ‘ಕಾಫಿ’ ಅಂತ ಒಂದು ಕ್ಲಾಸ್, ಅದರ ಕೆಳಗೆ ‘ಅರೇಬಿಕಾ’ ಮತ್ತು ‘ರೊಬಸ್ಟಾ’. ‘ಸೇರಿಸು’ ಫಂಕ್ಷನ್‌ಗೆ ಎರಡು ಲಾಟ್ ಕೊಟ್ಟರೆ ತೂಕ ಕೂಡಿ ಒಂದೇ ಲಾಟ್ ಮಾಡುತ್ತದೆ. ಎರಡೂ ಒಂದೇ ಬಗೆಯದಾಗಿರಬೇಕು ಅಂತ ಟೈಪ್‌ವಾರ್ ‘ಟಿ’ಗೆ (ಕರೆದಾಗ ಯಾವ ಟೈಪ್ ಅಂತ ತೀರ್ಮಾನವಾಗುವ ಖಾಲಿ ಹೆಸರು) ‘ಕಾಫಿ’ಯನ್ನು ಬೌಂಡ್ (ಮೇಲಿನ ಮಿತಿ) ಆಗಿ ಕೊಟ್ಟೆ. ಎರಡೂ ಆರ್ಗ್ಯುಮೆಂಟ್ ‘ಟಿ’, ವಾಪಸ್ ಬರುವುದೂ ‘ಟಿ’. ನಿನ್ನೆ ಕೈತಪ್ಪಿ ಅರೇಬಿಕಾ ಲಾಟ್‌ಗೆ ರೊಬಸ್ಟಾ ಸೇರಿಸಿದೆ. ಓಡಿಸುವ ಮೊದಲೇ ಟೈಪ್ ತಪ್ಪು ಹುಡುಕುವ ಮೈಪೈ ಏನೂ ಹೇಳಲಿಲ್ಲ! ಎರಡರ ದರ ಬೇರೆ ಅಲ್ವಾ, ಲೆಕ್ಕವೇ ಕೆಡುತ್ತದೆ. ಎಲ್ಲಿ ತಪ್ಪಿದ್ದೇನೆ?

ಉತ್ತರ (ಹಾಸನದಿಂದ)

ಮೈಪೈ ಸರಿಯಾಗಿಯೇ ಇದೆ ಸರ್. ಬೌಂಡ್ ಅಂದರೆ ಕಾಫಿಯ ಕೆಳಗಿನ ಯಾವುದೂ ಆಗಬಹುದು, ಕಾಫಿಯೂ ಆಗಬಹುದು. ಒಂದು ಅರೇಬಿಕಾ, ಒಂದು ರೊಬಸ್ಟಾ ಬಂದಾಗ ಮೈಪೈ ಎರಡಕ್ಕೂ ಹೊಂದುವ ಟೈಪ್ ಹುಡುಕಿ, ‘ಟಿ’ ಅಂದರೆ ‘ಕಾಫಿ’ ಅಂತ ತೀರ್ಮಾನಿಸುತ್ತದೆ. ಮೈಪೈ ಯಾವ ಟೈಪ್ ಅಂದುಕೊಂಡಿದೆ ಅಂತ ತೋರಿಸುವ ರಿವೀಲ್_ಟೈಪ್ ಹಾಕಿ ನೋಡಿ, ಗೊತ್ತಾಗುತ್ತದೆ.

ನಿಮಗೆ ಬೇಕಾದದ್ದು ಕನ್‌ಸ್ಟ್ರೇಂಟ್. ಅಂದರೆ ಪಟ್ಟಿಯಲ್ಲಿರುವ ಟೈಪ್‌ಗಳಲ್ಲಿ ಒಂದೇ ಆಗಬೇಕು. ಬೌಂಡ್ ತೆಗೆದು, ಟೈಪ್‌ವಾರ್‌ನ ಹೆಸರಾದ ಮೇಲೆ ಅರೇಬಿಕಾ, ರೊಬಸ್ಟಾ ಎರಡನ್ನೂ ಕಾಮಾ ಹಾಕಿ ಬರೆಯಿರಿ. ಒಂದನ್ನೇ ಬರೆದರೆ ಒಪ್ಪುವುದಿಲ್ಲ, ಕಡಿಮೆ ಅಂದರೂ ಎರಡು ಬೇಕು. ಪೈಥಾನ್ 3.12 ಅಥವಾ ಆಮೇಲಿನದಾದರೆ ಟೈಪ್‌ವಾರ್ ಸಾಲೇ ಬೇಡ. ಫಂಕ್ಷನ್ ಹೆಸರಿನ ಪಕ್ಕ ಚೌಕ ಬ್ರಾಕೆಟ್‌ನಲ್ಲಿ ಟಿ, ಕೋಲನ್, ದುಂಡು ಬ್ರಾಕೆಟ್ ಒಳಗೆ ಎರಡೂ ಕ್ಲಾಸ್. ಇಲ್ಲಿ ಜಾಸ್ತಿ ಜನ ಎಡವುತ್ತಾರೆ: ದುಂಡು ಬ್ರಾಕೆಟ್ ಬಿಟ್ಟು ನಡುವೆ ಲಂಬ ಗೆರೆ (|) ಹಾಕಿದರೆ ಅದು ಯೂನಿಯನ್ (ಎರಡರಲ್ಲಿ ಯಾವುದಾದರೂ ಆಗಬಹುದು), ಅಂದರೆ ಮತ್ತೆ ಬೌಂಡೇ.

ಪ್ರಶ್ನೆ ಕೇಳಿದವರು

ಕೆಲಸ ಮಾಡಿತು, ತುಂಬಾ ಥ್ಯಾಂಕ್ಸ್. ಈಗ ‘ಟಿ’ ಕಾಫಿ ಆಗುವಂತಿಲ್ಲ ಅಂತ ಎರರ್ ಬರುತ್ತಿದೆ. ಆದರೆ ಅರೇಬಿಕಾ ಕೆಳಗೆ ‘ಚಂದ್ರಗಿರಿ’ ಅಂತ ಇನ್ನೊಂದು ಕ್ಲಾಸ್ ಇದೆ. ಎರಡು ಚಂದ್ರಗಿರಿ ಲಾಟ್ ಸೇರಿಸಿದರೆ ಬರೀ ಅರೇಬಿಕಾ ಅಂತ ತೋರಿಸುತ್ತದೆ.

ಉತ್ತರ (ಹಾಸನದಿಂದ)

ಅದು ಕನ್‌ಸ್ಟ್ರೇಂಟ್‌ನ ಗುಣವೇ. ನೀವು ಬರೆದ ಎರಡರಲ್ಲಿ ಒಂದಾಗಲೇಬೇಕು, ಅದರ ಕೆಳಗಿನ ಕ್ಲಾಸ್ ಆಗಿ ಉಳಿಯುವುದಿಲ್ಲ. ಬೌಂಡ್ ಆದರೆ ಉಳಿಯುತ್ತಿತ್ತು. ನಾನಾದರೆ ತಳಿಗೊಂದು ಕ್ಲಾಸ್ ಮಾಡುವುದಿಲ್ಲ, ಅರೇಬಿಕಾ ಒಳಗೆ ‘ತಳಿ’ ಅಂತ ಒಂದು ಫೀಲ್ಡ್ ಇಡುತ್ತೇನೆ. ನಾಳೆ ಹೊಸ ತಳಿ ನೆಟ್ಟರೂ ಕೋಡ್ ಮುಟ್ಟಬೇಕಾಗಿಲ್ಲ.

ಇನ್ನೊಂದು ಮಾತು. ಪ್ರೋಗ್ರಾಂ ಓಡುವಾಗ ಪೈಥಾನ್ ಈ ಟೈಪ್‌ಗಳನ್ನು ಪರೀಕ್ಷೆ ಮಾಡುವುದಿಲ್ಲ. ಲಾಟ್‌ಗಳನ್ನು ಎಕ್ಸೆಲ್‌ನಿಂದ ಓದುತ್ತಿದ್ದರೆ, ‘ಸೇರಿಸು’ ಕರೆಯುವ ಮೊದಲು, ಯಾವ ಕ್ಲಾಸ್‌ನದು ಅಂತ ಪರೀಕ್ಷಿಸುವ ಇಸ್‌ಇನ್‌ಸ್ಟೆನ್ಸ್‌ನಿಂದ ಎರಡನ್ನೂ ನೋಡಿಕೊಳ್ಳಿ.