ಸಿ++: ಸೆಟ್‌ನಲ್ಲಿ ಇರುವುದನ್ನೇ ಫೈಂಡ್ ಇಲ್ಲ ಎನ್ನುತ್ತದೆ, < ಓವರ್‌ಲೋಡ್ ತಪ್ಪಿದೆಯೇ?

ಪ್ರಶ್ನೆ:
ನಮಸ್ಕಾರ. ತಂತ್ರಾಂಶದ ಆವೃತ್ತಿ ಸಂಖ್ಯೆಗಳಿಗಾಗಿ ‘ಮುಖ್ಯ’, ‘ಉಪ’ ಎಂಬ ಎರಡು ಪೂರ್ಣಾಂಕಗಳಿರುವ ಸ್ಟ್ರಕ್ಟ್ ಬರೆದು, ಅದರ < ಆಪರೇಟರನ್ನು ಹೀಗೆ ಓವರ್‌ಲೋಡ್ ಮಾಡಿದ್ದೇನೆ, ಅಂದರೆ ಅದಕ್ಕೆ ನನ್ನದೇ ಅರ್ಥ ಕೊಟ್ಟಿದ್ದೇನೆ (|| ಎಂದರೆ ‘ಅಥವಾ’):

ಮುಖ್ಯ < ಇತರ.ಮುಖ್ಯ || ಉಪ < ಇತರ.ಉಪ

ಖಾಲಿ ಸೆಟ್‌ಗೆ (ಅಂಶಗಳನ್ನು ಕ್ರಮವಾಗಿ, ಒಂದೊಂದನ್ನು ಒಮ್ಮೆ ಮಾತ್ರ ಇಡುವ ಸಂಗ್ರಹ) ಮೊದಲು 1.10, ಆಮೇಲೆ 2.3 ಸೇರಿಸಿದೆ. ಲೂಪ್ ಹಾಕಿ ಮುದ್ರಿಸಿದರೆ ಎರಡೂ ಕಾಣುತ್ತವೆ, ಆದರೆ 2.3 ಮೊದಲು ಬರುತ್ತದೆ. ಫೈಂಡ್ ಮಾಡಿದರೆ 2.3 ಸಿಗುವುದಿಲ್ಲ, ಅದನ್ನೇ ಮತ್ತೆ ಇನ್ಸರ್ಟ್ ಮಾಡಹೋದರೆ ಈಗಾಗಲೇ ಇದೆ ಎಂಬ ಉತ್ತರ ಬರುತ್ತದೆ. == ಆಪರೇಟರನ್ನೂ ಬರೆದಿದ್ದೇನೆ. ಕಂಪೈಲರ್ ಜಿಸಿಸಿ, ಒಂದು ಎಚ್ಚರಿಕೆಯನ್ನೂ ಕೊಡುತ್ತಿಲ್ಲ.

ಉತ್ತರ:
ಸೆಟ್ ನಿಮ್ಮ == ಅನ್ನು ಕರೆಯುವುದೇ ಇಲ್ಲ. ಅ < ಆ, ಆ < ಅ ಎರಡೂ ಸುಳ್ಳಾದರೆ ಅವು ಸಮಾನವೆಂದು < ಒಂದರಿಂದಲೇ ಅದು ತೀರ್ಮಾನಿಸುತ್ತದೆ. ನಿಮ್ಮ ಸೂತ್ರದಲ್ಲಿ 1 < 2 ಆದ್ದರಿಂದ 1.10 < 2.3 ನಿಜ; 3 < 10 ಆದ್ದರಿಂದ 2.3 < 1.10 ಕೂಡ ನಿಜ. ಹೀಗೆ ಎರಡೂ ಕಡೆಗೆ ತಲೆಯಾಡಿಸುವ ಹೋಲಿಕೆಯನ್ನು ಕೊಟ್ಟ ಮೇಲೆ ಫಲಿತಾಂಶ ಹೀಗೇ ಇರಬೇಕೆಂದು ಭಾಷೆಯ ನಿಯಮ ಹೇಳುವುದಿಲ್ಲ.

ಜಿಸಿಸಿಯಲ್ಲಿ ಸೆಟ್ ತನ್ನ ಅಂಶಗಳನ್ನು ಕವಲೊಡೆಯುವ ಮರದಂತೆ ಜೋಡಿಸುತ್ತದೆ: ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ. ನಡೆದದ್ದು ಇಷ್ಟು: ಇನ್ಸರ್ಟ್ ‘ಹೊಸದು < ಮರದಲ್ಲಿರುವುದು’ ಎಂದು ಕೇಳುತ್ತದೆ, ಆದ್ದರಿಂದ 2.3 ಎಡಕ್ಕೆ ಹೋಗಿ ಕುಳಿತಿತು. ಫೈಂಡ್ ‘ಮರದಲ್ಲಿರುವುದು < ಹುಡುಕುವುದು’ ಎಂದು ಕೇಳುವುದರಿಂದ ಬಲಕ್ಕೆ ಹೋಗಿ ಬರಿಗೈಯಲ್ಲಿ ಮರಳಿತು. ಎರಡನೆಯ ಇನ್ಸರ್ಟ್ ಮತ್ತೆ ಎಡಕ್ಕೇ ಹೋದದ್ದರಿಂದ ಹಳೆಯ 2.3 ಅದಕ್ಕೆ ಸಿಕ್ಕಿತು.

ಮುಖ್ಯ ಸಂಖ್ಯೆಗಳು ಸಮವಾದಾಗ ಮಾತ್ರ ಉಪ ಸಂಖ್ಯೆಯನ್ನು ನೋಡಬೇಕು:

ಮುಖ್ಯ != ಇತರ.ಮುಖ್ಯ ? ಮುಖ್ಯ < ಇತರ.ಮುಖ್ಯ : ಉಪ < ಇತರ.ಉಪ

ಮೂರನೆಯ ಸಂಖ್ಯೆಯೊಂದು ಸೇರಿದರೆ ಇದು ಓದಲಾಗದಷ್ಟು ಜಟಿಲವಾಗುತ್ತದೆ. ಸಿ++11ರಿಂದ ಇರುವ ಟೈ ಬಳಸಿ ಎರಡೂ ಬದಿಯ ಸದಸ್ಯಗಳನ್ನು ಟ್ಯೂಪಲ್ (ಮೌಲ್ಯಗಳ ಕ್ರಮಬದ್ಧ ಗುಂಪು) ಮಾಡಿ ಹೋಲಿಸುವುದೇ ಮೇಲು. ಸಿ++20 ಇದ್ದರೆ <=> (ಚಿಕ್ಕದೋ, ಸಮವೋ, ದೊಡ್ಡದೋ ಎಂದು ಒಟ್ಟಿಗೇ ಹೇಳುವ ಆಪರೇಟರ್) ಅನ್ನು ಡಿಫಾಲ್ಟ್, ಅಂದರೆ ಕಂಪೈಲರೇ ಬರೆದುಕೊಳ್ಳಲಿ, ಎಂದು ಘೋಷಿಸಿದರೆ ಸಾಕು; ಆದರೆ ಅದು ಸದಸ್ಯಗಳನ್ನು ಘೋಷಿಸಿದ ಕ್ರಮದಲ್ಲೇ ಹೋಲಿಸುವುದರಿಂದ ‘ಮುಖ್ಯ’ ಮೊದಲಿರಬೇಕು.

ಇನ್ನೊಂದು ಮಾತು: < ಇರಬೇಕಾದ ಕಡೆ <= ಬರೆಯುವುದೂ ಇದೇ ಜಾತಿಯ ದೋಷ. ಪಟ್ಟಿಯನ್ನು ಕ್ರಮಗೊಳಿಸುವ ಸಾರ್ಟ್‌ಗೆ ಅಂಥ ಹೋಲಿಕೆ ಕೊಟ್ಟರೆ, ಜಿಸಿಸಿಯ ಲೈಬ್ರರಿಯಲ್ಲಿ 16 ಅಂಶಗಳವರೆಗೆ ಏನೂ ಆಗದೆ, ಎಲ್ಲವೂ ಸಮಾನವಾಗಿರುವ 17ರ ಪಟ್ಟಿಯಲ್ಲಿ ಅರೇಯ ಗಡಿ ದಾಟಿ ಓದಬಹುದು.

ಮರುಪ್ರಶ್ನೆ:
ಧನ್ಯವಾದಗಳು, ಫೈಂಡ್ ಈಗ ಸರಿಯಾಗಿದೆ. ಕುತೂಹಲಕ್ಕೆ <=> ಅನ್ನು ಕೈಯಾರೆ ಬರೆದು, ನನ್ನ == ಅನ್ನು ತೆಗೆದುಹಾಕಿದೆ. < ಕೆಲಸ ಮಾಡುತ್ತದೆ, == ಇರುವ ಸಾಲು ಮಾತ್ರ ಕಂಪೈಲ್ ಆಗುತ್ತಿಲ್ಲ.

ಉತ್ತರ:
ಡಿಫಾಲ್ಟ್ <=> ಜೊತೆಗೆ == ತಾನಾಗಿ ಬರುತ್ತದೆ; ಕೈಯಾರೆ ಬರೆದದ್ದರ ಜೊತೆಗೆ ಬರುವುದಿಲ್ಲ. ಇದು ಉದ್ದೇಶಪೂರ್ವಕ: ಎರಡು ಸ್ಟ್ರಿಂಗ್‌ಗಳ ಉದ್ದ ಬೇರೆಯಾಗಿದ್ದರೆ ಅಕ್ಷರ ನೋಡದೆಯೇ ಅಸಮಾನವೆಂದು ಹೇಳಬಹುದು, ಕ್ರಮ ತಿಳಿಯಲು ಅಕ್ಷರಗಳನ್ನು ನೋಡಲೇಬೇಕು. == ಅನ್ನು ಪ್ರತ್ಯೇಕವಾಗಿ ಡಿಫಾಲ್ಟ್ ಎಂದು ಘೋಷಿಸಿ; != ಅದರಿಂದಲೇ ಸಿಗುತ್ತದೆ.